ಸಂಕ್ರಾಂತಿಯೊಳಗೆ ಓಟ ಬಿಡುವುದು ಹೇಗೆ?

ಓಟ ಶುರು ಮಾಡುವುದು ಹೇಗೆಂದು ಹೇಳಿಕೊಡುವವರು ಬೀದಿಗೊಬ್ಬರಿದ್ದಾರೆ. ಅದನ್ನು ಮರ್ಯಾದೆಯಿಂದ ಬಿಡುವುದು ಹೇಗೆಂದು ಹೇಳಿಕೊಡುವವರು ಒಬ್ಬರೂ ಇಲ್ಲ. ಆ ಕೊರತೆ ನೀಗಲೆಂದು ಈ ಕೈಪಿಡಿ. ವಯಸ್ಸು ನಲವತ್ತೈದರ ಆಸುಪಾಸು, ಮನೆ ಲಾಲ್‌ಬಾಗಿನ ಆಸುಪಾಸು, ಸಕ್ಕರೆ ಅಂಶ ಗಡಿಯ ಆಸುಪಾಸು ಇರುವ ಗೃಹಸ್ಥರಿಗಾಗಿ ಇದನ್ನು ಬರೆದಿದೆ. ಕಬ್ಬನ್ ಪಾರ್ಕಿನವರು ಗೇಟಿನ ಹೆಸರು ಬದಲಿಸಿಕೊಂಡು ಧಾರಾಳವಾಗಿ ಬಳಸಬಹುದು.

ಧನುರ್ಮಾಸ ಹುಟ್ಟುವ ದಿನ, ಅಂದರೆ ಡಿಸೆಂಬರ್ 16ರ ಸುಮಾರಿಗೆ ಶುರು ಮಾಡಿ. ಹೇಳಿದಂತೆ ನಡೆದುಕೊಂಡರೆ ಜನವರಿ 14ರ ಹೊತ್ತಿಗೆ ನಿಮ್ಮ ಶೂ ಅಟ್ಟ ಸೇರಿರುತ್ತದೆ, ನೀವು ಕಂಬಳಿ ಸೇರಿರುತ್ತೀರಿ.

ಮೊದಲು ಸಾಮಾನು ಕೊಳ್ಳಿ. ಓಡುವ ಮುನ್ನವೇ ಎಲ್ಲ ಕೊಂಡುಬಿಡಬೇಕು. ಆಮೇಲೆ ಕೊಂಡರೆ ಏನು ಬೇಕು, ಏನು ಬೇಡ ಎಂಬುದು ಗೊತ್ತಾಗಿಬಿಡುವ ಅಪಾಯವಿದೆ. ಎದೆಬಡಿತ ಎಣಿಸುವ ವಾಚು, ಕತ್ತಲಲ್ಲಿ ಹೊಳೆಯುವ ಜಾಕೆಟ್ಟು, ನೀರಿನ ಬಾಟಲಿ ಸಿಕ್ಕಿಸುವ ಬೆಲ್ಟು, ಎಲ್ಲ ಬರಲಿ. ಓಡುವಾಗ ಪಾದ ಊದಿಕೊಳ್ಳುತ್ತೆ, ಬೆರಳ ಮುಂದೆ ಸ್ವಲ್ಪ ಜಾಗ ಬಿಡಿ ಸಾರ್ ಎಂದು ಶೂ ಅಂಗಡಿಯ ಹುಡುಗ ಹೇಳುತ್ತಾನೆ. ಕಿವಿಗೆ ಹಾಕಿಕೊಳ್ಳಬೇಡಿ, ಬಿಗಿಯಾಗಿರುವುದನ್ನೇ ಆರಿಸಿ. ಹೆಬ್ಬೆರಳಿನ ಉಗುರು ಕಪ್ಪಾದರೆ ಅದೊಂದು ದಾಖಲೆ. ನೆಂಟರಿಷ್ಟರಿಗೆ ತೋರಿಸಬಹುದು.

ಒಬ್ಬರೇ ಓಡುವುದಾದರೆ ಬಿಡಲು ಕೈಪಿಡಿ ಬೇಕಾಗಿಲ್ಲ, ಮೂರನೆಯ ದಿನ ತಾನಾಗಿಯೇ ನಿಂತುಹೋಗುತ್ತದೆ. ಕಷ್ಟವಿರುವುದು ವೆಸ್ಟ್ ಗೇಟಿನ ಹತ್ತಿರ ಸೇರುವ ಹಿರಿಯರ ಕೈಗೆ ಸಿಕ್ಕಿಬಿದ್ದವರಿಗೆ. ಈ ಗುಂಪನ್ನು ಮೊದಲೇ ಗುರುತಿಸಿಟ್ಟುಕೊಳ್ಳಿ. ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರ್ ಒಬ್ಬರು ಇರುತ್ತಾರೆ. ಎದೆಗೆ ಬೈಪಾಸ್ ಆದವರೊಬ್ಬರು ಇರುತ್ತಾರೆ. ಮೂಳೆ ಡಾಕ್ಟರು ಒಬ್ಬರು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ಬಂದ ಮೇಡಂ ಒಬ್ಬರು. ಚೂಡಿದಾರದ ವೇಲನ್ನು ಅಡ್ಡ ಹಾಕಿ ಸೊಂಟದ ಹತ್ತಿರ ಗಂಟು ಬಿಗಿದು ಅವರು ಓಟಕ್ಕೆ ನಿಂತರೆಂದರೆ ಮಾತಿಲ್ಲ. ಎಲ್ಲರೂ ಮಂಕಿ ಕ್ಯಾಪಿನಲ್ಲಿ ಬರುತ್ತಾರೆ, ಹತ್ತು ನಿಮಿಷಕ್ಕೆ ಅದನ್ನು ತೆಗೆದು ಪ್ಯಾಂಟಿನ ಜೇಬಿಗೆ ತುರುಕುತ್ತಾರೆ, ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ನೋಡಲು ಸಾಧುಗಳಂತೆ ಕಾಣುತ್ತಾರೆ. ಮೋಸಹೋಗಬೇಡಿ. ಇವರು ಯಾರನ್ನೂ ಬೈಯುವುದಿಲ್ಲ, ಹೀಯಾಳಿಸುವುದಿಲ್ಲ, 'ನಿಮ್ಮ ಕೈಲಿ ಆಗಲ್ಲ' ಎನ್ನುವುದಿಲ್ಲ. ಹಾಗೆ ಅಂದಿದ್ದರೆ ಸಿಟ್ಟು ಮಾಡಿಕೊಂಡು ಆವತ್ತೇ ಬಿಟ್ಟು ಬರಬಹುದಿತ್ತು.

ಮೊದಲ ದಿನ ಗೇಟಿನಿಂದಲೇ ಜೋರಾಗಿ ಓಡಿ. ಹಿರಿಯರು ಹತ್ತು ನಿಮಿಷ ಬರೀ ನಡೆಯುತ್ತಾರೆ. ಮಣಿಕಟ್ಟು ತಿರುಗಿಸುತ್ತಾರೆ, ಮೊಣಕಾಲು ಎತ್ತಿಳಿಸುತ್ತಾರೆ, ಮರ ಹಿಡಿದುಕೊಂಡು ಮೀನಖಂಡ ಎಳೆಯುತ್ತಾರೆ. ಚಳಿಗೆ ರಕ್ತನಾಳ ಬಿಗಿದುಕೊಂಡಿರುತ್ತೆ, ಬಿಪಿ ಏರಿರುತ್ತೆ, ಹೃದಯಕ್ಕೆ ಸ್ವಲ್ಪ ನೋಟಿಸ್ ಕೊಡಬೇಕು ಎಂಬುದು ಬೈಪಾಸ್ ಆದವರ ವಾದ. ಅವರ ಹೃದಯ ಸರ್ಕಾರಿ ನೌಕರಿಯಲ್ಲಿದ್ದದ್ದು, ನೋಟಿಸ್ ಕೇಳುತ್ತದೆ. ನಿಮ್ಮದು ಖಾಸಗಿ ಕಂಪನಿಯದು. ಏಕಾಏಕಿ ಕೆಲಸ ಹಚ್ಚಿ.

ಅವರನ್ನೆಲ್ಲ ಹಿಂದೆ ಹಾಕಿ ಗ್ಲಾಸ್ ಹೌಸ್ ದಾಟುವ ಹೊತ್ತಿಗೆ ಏದುಸಿರು ಬರಬೇಕು. 220ರಲ್ಲಿ ವಯಸ್ಸು ಕಳೆದರೆ ಎದೆಬಡಿತದ ಗರಿಷ್ಠ ಮಿತಿ ಸುಮಾರಾಗಿ ಸಿಗುತ್ತದೆ ಎಂದು ಲೆಕ್ಕ. ನಲವತ್ತೈದಾಗಿದ್ದರೆ 175. ಈ ಸಂಖ್ಯೆಯನ್ನು ಗುರಿಯೆಂದು ತಿಳಿಯಿರಿ. ವಾಚು ಕೂಗಿಕೊಂಡರೆ ಅದನ್ನು ಚಪ್ಪಾಳೆಯೆಂದು ತಿಳಿಯಿರಿ. ಆಮೇಲೆ ಕೆರೆಯ ಏರಿಯ ಹತ್ತಿರ ಸೊಂಟ ಹಿಡಿದು ನಿಂತುಕೊಳ್ಳಿ. ಹಿಂದಿನಿಂದ ಆ ನಾಲ್ವರೂ ಅದೇ ಆಮೆ ನಡೆಯಲ್ಲಿ, ಅವರೆಕಾಯಿ ಸೇರಿಗೆಷ್ಟಾಯಿತು ಎಂದು ಮಾತಾಡಿಕೊಂಡು ಬಂದು, 'ನಿಧಾನ ಸಾರ್, ಲಾಲ್‌ಬಾಗ್ ಎಲ್ಲೂ ಹೋಗಲ್ಲ' ಎನ್ನುತ್ತಾ ದಾಟಿ ಹೋಗುತ್ತಾರೆ. ಈ ಮಾತಾಡಿಕೊಂಡು ಓಡುವ ಚಾಳಿಯನ್ನು ಯಾವ ಕಾರಣಕ್ಕೂ ಕಲಿಯಬೇಡಿ. ಪೂರ್ತಿ ವಾಕ್ಯ ಹೇಳಲು ಉಸಿರಿದ್ದರೆ ವೇಗ ಸರಿಯಾಗಿದೆ ಎಂದು ತರಬೇತುದಾರರೂ ಹೇಳುತ್ತಾರೆ. ಆ ವೇಗದಲ್ಲಿ ಓಡಿದರೆ ನಾಳೆಯೂ ಓಡಬೇಕೆನಿಸುತ್ತದೆ. ನಿಮ್ಮ ಬಾಯಿಂದ 'ಹೂಂ', 'ಉಹೂಂ' ಬಿಟ್ಟು ಬೇರೆ ಹೊರಡಕೂಡದು.

ಮೈಕೈ ನೋವು ಓಡಿದ ದಿನ ಬರುವುದಿಲ್ಲ, ಮಾರನೆಯ ದಿನ, ಅದರ ಮಾರನೆಯ ದಿನ ಪೂರ್ತಿ ಏರುತ್ತದೆ. ತಾಳ್ಮೆಯಿರಲಿ. ಮೆಟ್ಟಿಲು ಹತ್ತುವುದು ಸುಲಭ, ಇಳಿಯುವುದೇ ಕಷ್ಟ ಎಂಬುದು ಆಗ ತಿಳಿಯುತ್ತದೆ. ಮನೆಯಲ್ಲಿ ಇಂಡಿಯನ್ ಕಮೋಡ್ ಇದ್ದರೆ ನಲ್ಲಿಯ ಪೈಪನ್ನು ಹಿಡಿದುಕೊಳ್ಳಿ, ಬಕೆಟ್ಟನ್ನು ನಂಬಬೇಡಿ. ಈ ನೋವು ಇರುವಾಗಲೇ ದೂರವನ್ನು ದುಪ್ಪಟ್ಟು ಮಾಡಿ. ವಾರಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿಸಬೇಡಿ ಎಂದು ಬ್ಯಾಂಕ್ ಮ್ಯಾನೇಜರ್ ಹೇಳುತ್ತಾರೆ. ಬಡ್ಡಿ ಲೆಕ್ಕ ಹಾಕಿ ಹಾಕಿ ಅವರ ಬುದ್ಧಿ ಅಲ್ಲಿಗೇ ನಿಂತಿದೆ.

ಬೇಸರವಾದರೆ ಲಾಲ್‌ಬಾಗಿನ ಬಂಡೆ ಹತ್ತಿ ಕೆಂಪೇಗೌಡರ ಗೋಪುರದ ಹತ್ತಿರ ಕುಳಿತುಕೊಳ್ಳಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಕೆಳಗೆ ಓಡುತ್ತಿರುವ ಹಿರಿಯರಿಗಿಂತ ಹಿರಿಯದು, ಒಂದು ದಿನವೂ ಓಡಿದ್ದಿಲ್ಲ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿ ಬೋರ್ಡು ಕೂಡ ಹಾಕಿದ್ದಾರೆ. ಅಲ್ಲಾಡದೆ ಕೂತವರಿಗೆ ಈ ದೇಶದಲ್ಲಿ ಸಿಗಬಹುದಾದ ಗೌರವ ಎಂಥದು ಎಂಬುದನ್ನು ಓದಿಕೊಂಡು ಇಳಿಯಿರಿ.

ಎರಡನೆಯ ವಾರದಲ್ಲಿ ಹಿರಿಯರು ಕಥೆ ಶುರು ಮಾಡುತ್ತಾರೆ. ಉತ್ತರ ಸಿದ್ಧವಿಟ್ಟುಕೊಳ್ಳಿ. ಫೌಜಾ ಸಿಂಗ್ 89ನೇ ವಯಸ್ಸಿನಲ್ಲಿ, 2000ದಲ್ಲಿ, ಲಂಡನ್ನಿನ ಮ್ಯಾರಥಾನ್ ಓಡಿದರು; 2011ರಲ್ಲಿ ನೂರು ತುಂಬಿದ ಮೇಲೆ ಟೊರಾಂಟೊದಲ್ಲಿ 42.195 ಕಿಲೋಮೀಟರನ್ನು ಎಂಟು ಗಂಟೆ ಚಿಲ್ಲರೆಯಲ್ಲಿ ಮುಗಿಸಿದರು ಎಂದು ಮೇಡಂ ಹೇಳುತ್ತಾರೆ. ನೀವು ತಕ್ಷಣ, 'ಜನನ ಪ್ರಮಾಣಪತ್ರ ಇಲ್ಲದ್ದಕ್ಕೆ ಗಿನ್ನೆಸ್‌ನವರು ಒಪ್ಪಲಿಲ್ಲವಂತಲ್ಲ ಮೇಡಂ' ಎನ್ನಿ. ಮಾತು ನಿಜ. ನಿಮ್ಮ ಜನನ ಪ್ರಮಾಣಪತ್ರವೂ ಎಲ್ಲಿದೆಯೋ ಗೊತ್ತಿಲ್ಲ, ಸಿಕ್ಕಿದ ಮೇಲೆ ಓಡಿದರಾಯಿತು ಎಂದು ಮುಗಿಸಿ. ಡಾಕ್ಟರು ಎಡ್ ವಿಟ್‌ಲಾಕ್ ಕಥೆ ತೆಗೆಯುತ್ತಾರೆ. ಕೆನಡಾದ ಈ ಮುದುಕ 2004ರಲ್ಲಿ, 73ನೇ ವಯಸ್ಸಿನಲ್ಲಿ, ಎರಡು ಗಂಟೆ 54 ನಿಮಿಷ 48 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿದ. ಅಭ್ಯಾಸ ಮಾಡುತ್ತಿದ್ದದ್ದು ಮನೆಯ ಹತ್ತಿರದ ಸ್ಮಶಾನದಲ್ಲಿ, ಸುತ್ತಿದ್ದೇ ಸುತ್ತು, ದಿನಕ್ಕೆ ಗಂಟೆಗಟ್ಟಲೆ, ನಿಧಾನವಾಗಿ. 'ಅಲ್ಲಿಗೆ ಹೇಗಿದ್ದರೂ ಹೋಗಲೇಬೇಕಲ್ಲ ಡಾಕ್ಟ್ರೇ, ಅವಸರ ಯಾಕೆ?' ಎಂದು ಕೇಳಿ. ಡಾಕ್ಟರು ನಗುತ್ತಾರೆ, ನಗುತ್ತಲೇ ಬೆನ್ನಿನ ಮೇಲೆ ಕೈಯಿಟ್ಟು ಇನ್ನೊಂದು ಸುತ್ತಿಗೆ ಎಳೆದುಕೊಂಡು ಹೋಗುತ್ತಾರೆ. ಇದಕ್ಕೆ ಉತ್ತರ ಈ ಕೈಪಿಡಿಯಲ್ಲಿಲ್ಲ.

ಓಟ ಮುಗಿದ ಮೇಲೆ ಬೆವರಿನಲ್ಲಿ ನೆಂದ ಬನಿಯನ್ನಿನಲ್ಲೇ ಗಾಳಿಗೆ ನಿಂತು ಹರಟೆ ಹೊಡೆಯಿರಿ. ಚಳಿಗಾಲದಲ್ಲಿ ಬಾಯಾರುವುದಿಲ್ಲ, ಹಾಗಾಗಿ ನೀರು ಕುಡಿಯಬೇಡಿ. ನೆಗಡಿ ಹಿಡಿದರೆ ದೈವಕೃಪೆ, ಮೂರು ದಿನ ರಜೆ. ನಂತರ ತಿಂಡಿ. ಐದು ಕಿಲೋಮೀಟರ್ ಓಡಿದರೆ ಅರವತ್ತೈದು ಕೆಜಿಯ ಆಳಿಗೆ ಸುಮಾರು 325 ಕ್ಯಾಲೊರಿ ಖರ್ಚು. ಸಾಲ ಇಟ್ಟುಕೊಳ್ಳಬಾರದು. 1924ರಲ್ಲಿ ಶುರುವಾದ ಎಂಟಿಆರ್ ಲಾಲ್‌ಬಾಗ್ ರಸ್ತೆಯಲ್ಲೇ ಇದೆ. ತುಪ್ಪ ಸವರಿದ ಮಸಾಲೆ ದೋಸೆಗೆ ಅಸಲು ತೀರುತ್ತದೆ. ರವೆ ಇಡ್ಲಿ, ಉದ್ದಿನ ವಡೆ ಬಡ್ಡಿಗೆ. ಚಂದ್ರಹಾರ ಇದ್ದ ದಿನ ಚಕ್ರಬಡ್ಡಿಯೂ ಆಯಿತು. ಅದೇ ಮೇಜಿನ ಆಚೆ ಹಿರಿಯರು ಬೈಟೂ ಕಾಫಿ ತರಿಸಿ, ಅದರಲ್ಲೂ ಸಕ್ಕರೆ ಬೇಡವೆಂದು ಹೇಳಿ, ಯಾರು ಬಿಲ್ ಕೊಡಬೇಕೆಂದು ಕಾಲು ಗಂಟೆ ಜಗಳವಾಡುತ್ತಾರೆ. ಆ ಜಗಳದಲ್ಲಿ ಸೇರಬೇಡಿ. ಒಮ್ಮೆ ಬಿಲ್ ಕೊಟ್ಟರೆ ನೀವು ಖಾಯಂ ಸದಸ್ಯರು.

ಈಗ ಮುಖ್ಯ ವಿಷಯ, ತಪ್ಪಿಸಿಕೊಳ್ಳುವುದು. ಆರು ಗಂಟೆಗೆ ಗೇಟಿನ ಹತ್ತಿರ ಇರಬೇಕು, ಆಗಿನ್ನೂ ಕತ್ತಲು, ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಸುಮಾರಿಗೆ. ನೀವು ಬರುವವರೆಗೆ ಹಿರಿಯರು ಹೊರಡುವುದಿಲ್ಲ, ಇದೇ ಅವರ ಹುನ್ನಾರ. ಎಪ್ಪತ್ತು ದಾಟಿದ ನಾಲ್ಕು ಜೀವ ಚಳಿಯಲ್ಲಿ ಕೈ ಉಜ್ಜಿಕೊಂಡು ನಿಮಗಾಗಿ ನಿಂತಿದೆ ಎಂಬುದು ಕಂಬಳಿಯೊಳಗೂ ಗೊತ್ತಾಗುತ್ತಿರುತ್ತದೆ. ಇದನ್ನು ಮುರಿಯಲು ಸಮಯಪ್ರಜ್ಞೆ ಬೇಕು. ಹಿಂದಿನ ರಾತ್ರಿ ಮೆಸೇಜ್ ಕಳಿಸಬೇಡಿ, ಮನವೊಲಿಸಲು ಅವರಿಗೆ ರಾತ್ರಿಯೆಲ್ಲ ಸಿಗುತ್ತದೆ. ಆರರ ಮೇಲೆ ಕಳಿಸಿದರೆ ಪಾಪ. ಐದು ಐವತ್ತೈದಕ್ಕೆ ಕಳಿಸಿ, ಫೋನ್ ಸ್ವಿಚ್ ಆಫ್ ಮಾಡಿ.

ಏನು ಬರೆಯಬೇಕು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಚಳಿ ಎನ್ನಬೇಡಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರಂದು. ಅದು ಮ್ಯಾನೇಜರಿಗೆ ಬಾಯಿಪಾಠ. ಇವತ್ತು ಹದಿನೈದು ಡಿಗ್ರಿ ಇದೆ, ಸೆಕೆ ಅಲ್ವೇನ್ರೀ ಎನ್ನುತ್ತಾರೆ. ಸಾವಿನ ನೆಪವೂ ಬೇಡ. ಇಲ್ಲದ ದೊಡ್ಡಮ್ಮನನ್ನು ಸಾಯಿಸಿದಿರೋ, ನಾಲ್ವರೂ ಹೂವು ಹಣ್ಣು ಹಿಡಿದು ಮಾತಾಡಿಸಲು ಮನೆಗೇ ಬರುತ್ತಾರೆ. ಪೂಜೆ ಎಂದರೆ, 'ಧನುರ್ಮಾಸದ ಪೂಜೆ ನಮ್ಮನೇಲೂ ನಾಲ್ಕೂವರೆಗೇ ಮುಗೀತು, ಹುಗ್ಗಿ ತಂದಿದೀನಿ ಬನ್ನಿ' ಎಂದು ಮೇಡಂ ಡಬ್ಬಿ ತೋರಿಸುತ್ತಾರೆ. ಮೆಣಸು, ತುಪ್ಪ, ಗೋಡಂಬಿ ಬಿದ್ದ ಬಿಸಿ ಹುಗ್ಗಿ. ಮನಸ್ಸು ಕಲ್ಲು ಮಾಡಿಕೊಳ್ಳಿ.

ಎಲ್ಲಕ್ಕಿಂತ ಗಟ್ಟಿಯಾದ ನೆಪ ಅಮೆರಿಕಾದ ಕಾಲ್. ಆದರೆ ಊರು ನೋಡಿ ಹೇಳಿ. ಮ್ಯಾನೇಜರ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಇಲ್ಲಿ ಬೆಳಗಿನ ಆರಾದರೆ ಚಳಿಗಾಲದಲ್ಲಿ ಅಲ್ಲಿ ಹಿಂದಿನ ರಾತ್ರಿ ಏಳೂವರೆ. 'ನನ್ನ ಮಗ ಊಟಕ್ಕೆ ಕೂತಾಯ್ತಲ್ಲ, ನಿಮ್ಮವರು ಇನ್ನೂ ಆಫೀಸಲ್ಲಿದಾರಾ? ಪಾಪ' ಎನ್ನುತ್ತಾರೆ. ಕ್ಯಾಲಿಫೋರ್ನಿಯಾ ಎನ್ನಿ, ಅಲ್ಲಿ ಸಂಜೆ ನಾಲ್ಕೂವರೆ, ನಂಬಬಹುದಾದ ಹೊತ್ತು. ಸೋಮವಾರ ಮಾತ್ರ ಅಪ್ಪಿತಪ್ಪಿಯೂ ಈ ನೆಪ ಬಳಸಬೇಡಿ. ಇಲ್ಲಿ ಸೋಮವಾರ ಬೆಳಗಾಗುವಾಗ ಅಲ್ಲಿನ್ನೂ ಭಾನುವಾರ. ಎಷ್ಟೋ ಪ್ರತಿಭಾವಂತರು ಸಿಕ್ಕಿಬಿದ್ದಿರುವುದು ಇಲ್ಲೇ.

ಕಾಯಿಲೆಯ ನೆಪವನ್ನು ಕೊನೆಗೆ ಇಟ್ಟುಕೊಳ್ಳಿ. ಈ ಗುಂಪಿನಲ್ಲಿ ಕಾಯಿಲೆಗೆ ಬೆಲೆಯಿಲ್ಲ. ಮಂಡಿ ನೋವು ಎಂದರೆ ಬದಲಿಸಿದ ಮಂಡಿ ತೋರಿಸುವವರು ಇನ್ನೊಂದು ಗುಂಪಿನಿಂದ ಬರುತ್ತಾರೆ. ಓಡಿದರೆ ಮಂಡಿ ಸವೆಯುತ್ತೆ ಎಂದು ವಾದ ಹೂಡಿದರೆ, ಹವ್ಯಾಸಕ್ಕೆ ಹದವಾಗಿ ಓಡುವವರಲ್ಲಿ ಮಂಡಿ ಸವೆತ ಸುಮ್ಮನೆ ಕೂತವರಿಗಿಂತ ಕಡಿಮೆಯೇ ಕಂಡಿದೆ ಎಂದು ಡಾಕ್ಟರು ಕಾಗದ ಪತ್ರ ಸಮೇತ ಬರುತ್ತಾರೆ. ಆದರೂ ಜನವರಿ ಎರಡನೆಯ ವಾರಕ್ಕೆ ಬೇರೆ ದಾರಿಯಿಲ್ಲ. ಮಂಡಿ ಎನ್ನಿ. ಎಡವೋ ಬಲವೋ ಎಂಬುದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ, ಮನೆಯವರಿಗೂ ಹೇಳಿಕೊಡಿ.

ಯಾಕೆಂದರೆ ಸಂಕ್ರಾಂತಿಯ ದಿನ ಅವರು ಮನೆಗೆ ಬರುತ್ತಾರೆ. ಎಳ್ಳು, ಬೆಲ್ಲ, ಕೊಬ್ಬರಿ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಜೊತೆಗೆ ನೋವಿನ ಎಣ್ಣೆಯ ಬಾಟಲಿ. ಕುಂಟುತ್ತಾ ಹೋಗಿ ಬಾಗಿಲು ತೆಗೆಯಿರಿ. ಡಾಕ್ಟರು ಸೋಫಾದ ಮೇಲೆ ಕಾಲು ಚಾಚಲು ಹೇಳಿ ಮಂಡಿ ಒತ್ತುತ್ತಾರೆ. ಅವರು ಒತ್ತಿದ ಕಡೆಯೆಲ್ಲ 'ಅಮ್ಮಾ' ಎನ್ನಬೇಡಿ, ಒಂದೇ ಕಡೆ ಅನ್ನಿ. ಅವರಿಗೆ ಅಷ್ಟರಲ್ಲೇ ಎಲ್ಲ ಅರ್ಥವಾಗಿರುತ್ತದೆ, ಬಾಯಿ ಬಿಡುವುದಿಲ್ಲ. ಎಳ್ಳು ಬಾಯಿಗೆ ಹಾಕಿಕೊಂಡು, ಅವರ ಮುಂದೆ ಒಳ್ಳೆಯ ಮಾತೇ ಆಡಿ. 'ಮತ್ತೆ ಯಾವಾಗಿಂದ ಬರ್ತೀರಿ?' ಎಂದು ಮ್ಯಾನೇಜರ್ ಕೇಳಿಯೇ ಕೇಳುತ್ತಾರೆ. ಯುಗಾದಿಯಿಂದ ಬರ್ತೀನಿ ಸಾರ್ ಎನ್ನಿ. ಯಾವ ಸಂವತ್ಸರದ್ದು ಎಂದು ಹೇಳಬೇಡಿ.