ಮಾರುತಿಯೊಳಗೆ ದೇವಲೋಕ

ಮೌನ ಬೇಕಾದವರು ಹಳೇ ಮಾರುತಿ 800ರ ಸಹವಾಸಕ್ಕೆ ಹೋಗಬಾರದು. ಮೂರು ಸಿಲಿಂಡರಿನ ಆ 796 ಸಿಸಿ ಎಂಜಿನ್ನಿಗೆ ಮಾತು ಜಾಸ್ತಿ. ನನ್ನ ಕಾರಿನ ಹಿಂದಿನ ಯಜಮಾನರು ಅದರ ಬಾಯಿ ಮುಚ್ಚಿಸಲು ತಳದ ತಗಡಿಗೆಲ್ಲ ಡಾಂಬರಿನ ಹಾಳೆ ಬಡಿಸಿ, ಮೇಲೆ ಕಾರ್ಪೆಟ್ ಹಾಸಿ, ನನಗೆ ಮಾರಿ ಕೈತೊಳೆದುಕೊಂಡಿದ್ದರು. ಡಾಂಬರು ತಗಡಿನ ಕಂಪನವನ್ನು ನುಂಗಿ ಶಾಖವಾಗಿಸುತ್ತದೆ, ಸದ್ದು ಅಡಗುತ್ತದೆ. ಶಾಸ್ತ್ರ ಸರಿಯೇ. ಆದರೆ ಮಂಗಳೂರಿನ ಮಳೆ ಶಾಸ್ತ್ರ ಓದಿಲ್ಲ. ಕೊಡೆ, ಚಪ್ಪಲಿಗಳಿಂದ ಸುರಿದ ನೀರು ಹಾಳೆಯಡಿ ಬಿಡಾರ ಹೂಡಿತ್ತು.

ಹೀಟ್ ಗನ್ ಹಿಡಿದು ಆ ಹಾಳೆ ಕೀಳಲು ಕೂತೆ. ಕರಗಿದ ಡಾಂಬರು ಅಂಗಿ, ಮೊಣಕೈ, ಕನ್ನಡಕಕ್ಕೆಲ್ಲ ಹತ್ತಿತು. ಕಾರಿನಲ್ಲಿದ್ದದ್ದು ಮಾತ್ರ ಕಡಿಮೆಯಾಗಲಿಲ್ಲ. "ಕಾಯಿಸಿದ್ರೆ ಬರ್ಲಿಕ್ಕಿಲ್ಲ ಮಾರಾಯ್ರೆ, ಡ್ರೈ ಐಸ್ ತನ್ನಿ" ಎಂದರು ಟಿಂಕರ್.

ಡ್ರೈ ಐಸ್ ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಮೈನಸ್ 78.5 ಡಿಗ್ರಿ. ದಪ್ಪ ಕೈಗವಸು ತೊಟ್ಟು, ಬಾಗಿಲೆಲ್ಲ ತೆರೆದು, ತುಂಡುಗಳನ್ನು ತಳದಲ್ಲಿ ಹರವಿದೆ. ಕರಾವಳಿಯ ಒದ್ದೆ ಗಾಳಿ ತಾಗಿದ್ದೇ ತಡ, ಬಿಳಿ ಮೋಡ ಎದ್ದಿತು. ನಾಟಕದಲ್ಲಿ ನಾರದರ ಕಾಲಡಿ ಬಿಡುವುದೂ ಇದೇ ಸರಕು. ಮೋಡ ಸೀಟು ಸವರಿ, ಹೊಸ್ತಿಲು ದಾಟಿ, ಅಂಗಳಕ್ಕಿಳಿದು ತುಳಸಿಕಟ್ಟೆಗೆ ಅರ್ಧ ಪ್ರದಕ್ಷಿಣೆ ಹಾಕಿತು. ನಡುವೆ ಸುತ್ತಿಗೆ ಹಿಡಿದು, ಮುಖಕ್ಕೆ ಮಸಿ ಮೆತ್ತಿಕೊಂಡು ನಾನು! ಪಕ್ಕದ ಮನೆಯ ಅಜ್ಜಿ ಕೈಮುಗಿಯುವುದೋ ಕೊಡಪಾನ ತರುವುದೋ ತಿಳಿಯದೆ ನಿಂತರು. ನಿವೃತ್ತ ಮಾಸ್ತರರು ಗೇಟಿನಾಚೆಯಿಂದಲೇ, "ಎಂತ, ಕಾರಿಗೆ ಸತ್ಯನಾರಾಯಣ ಪೂಜೆಯಾ?" ಎಂದರು. ಸಲಹೆ ಕೊಡುವವರೆಲ್ಲ ಗೇಟಿನಾಚೆಯೇ ಇರುತ್ತಾರೆ. ಒಬ್ಬರಾದರೂ ಉಳಿ ಹಿಡಿಯಲಿಲ್ಲ. ನಾನು ಗಾಂಭೀರ್ಯದಿಂದ ಸುತ್ತಿಗೆ ಎತ್ತಿ ಟಣ್ಣೆಂದು ಹೊಡೆದೆ. ಮೊಂಡು ಡಾಂಬರು ಹಪ್ಪಳದಂತೆ ಪುಡಿಯಾಯಿತು! ಆ ಸುಖಕ್ಕೆ ಬೇಡದ ಕಡೆಯೂ ಹೊಡೆದೆ.

ಅಷ್ಟರಲ್ಲಿ ಯಾರದೋ ಪುಟ್ಟ ಮಗು ಮೋಡದಲ್ಲಿ ಆಡಲೆಂದು ಹಿಂದಿನ ಬಾಗಿಲಿಂದ ಹತ್ತತೊಡಗಿತು. ನಾನು ಕಿರುಚಿದ ಕಿರುಚಿಗೆ ನಾರದ, ದೇವಲೋಕ ಎಲ್ಲ ಮಾಯ. ಡ್ರೈ ಐಸ್ ಆವಿಯಾಗಿ ಬಿಡುವ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ತುಂಬಿ ನಿಲ್ಲುತ್ತದೆ. ಉಸಿರುಗಟ್ಟಿಸಲು ಅದಕ್ಕೆ ವಾಸನೆಯೂ ಬೇಕಿಲ್ಲ. ಮಗು ಅತ್ತಿತು, ಅದರ ತಾಯಿ ನನ್ನನ್ನು ದುರುಗುಟ್ಟಿ ನೋಡಿದರು. ನೋಡಲಿ.

ಡಾಂಬರು ಹೋದ ಮೇಲೆ ಕಾಲಿಡುವಲ್ಲಿ ತುಕ್ಕು ತಿಂದ ತಗಡಿನ ತೂತಿನಿಂದ ನೆಲವೇ ಕಂಡಿತು. ಈ ಕಾರಿಗೆ ಬೇರೆ ಚಾಸಿ ಇಲ್ಲ, ತಳದ ತಗಡೂ ಅದರ ಬೆನ್ನೆಲುಬೇ. ಟಿಂಕರ್ ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿದರು.

ಹಳೇ ಕಾರು ಕೊಳ್ಳುವವರೇ, ಎಂಜಿನ್ನಿಗೆ ಕಿವಿಗೊಡುವ ಮೊದಲು ಕಾರ್ಪೆಟ್ ಎತ್ತಿ ನೋಡಿ. ಸದ್ದು ಮಾಡುವ ಕಾರನ್ನು ನಂಬಬಹುದು. ಸದ್ದಿಲ್ಲದ ಕಾರಿನ ತಳವನ್ನು ನಂಬಬೇಡಿ.