ಪ್ಲಾನಪ್ಪನವರ ಜೋಗ

ಪ್ರತಿ ಆಫೀಸಿನಲ್ಲೂ ಒಬ್ಬರು, ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬರು, ತುಂಬು ಕುಟುಂಬವಾದರೆ ಕಡೇಪಕ್ಷ ಭಾವನ ರೂಪದಲ್ಲಾದರೂ ಒಬ್ಬರು ಇದ್ದೇ ಇರುತ್ತಾರೆ. ಹೆಸರು ಏನೇ ಇರಲಿ, ಪ್ಲಾನಪ್ಪನವರು ಎಂದು ಕರೆಯೋಣ. ಜೂನ್‌ನ ಮೊದಲ ಮಳೆ ಬಿದ್ದು ಉಳಿದವರಿಗೆಲ್ಲ ಮೆಣಸಿನಕಾಯಿ ಬಜ್ಜಿ ನೆನಪಾಗುವ ಹೊತ್ತಿಗೆ ಇವರಿಗೆ ಜೋಗ ನೆನಪಾಗುತ್ತದೆ. ನೆನಪಾದ ಕಾಲು ಗಂಟೆಯೊಳಗೆ ವಾಟ್ಸಾಪಿನಲ್ಲಿ ‘ಜೋಗ 2.0’ ಎಂಬ ಗ್ರೂಪು ಹುಟ್ಟಿ, ನಮ್ಮನ್ನೆಲ್ಲ ಕೇಳದೆಯೇ ಅದರೊಳಗೆ ತಳ್ಳಿರುತ್ತಾರೆ. ‘ಜೋಗ 1.0’ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಅದು ಯಾವ ಶನಿವಾರ ಹೊರಡುವುದು ಎಂಬ ಚರ್ಚೆಯಲ್ಲೇ ಮಳೆಗಾಲ ಕಳೆದು, ದೀಪಾವಳಿಯ ಶುಭಾಶಯಗಳ ಗ್ರೂಪಾಗಿ ಮಾರ್ಪಟ್ಟು, ಈಗಲೂ ದಿನಾ ಬೆಳಿಗ್ಗೆ ಒಂದು ಸುಪ್ರಭಾತದ ಚಿತ್ರ ಹೊತ್ತು ಬದುಕಿದೆ.

ಜೋಗಕ್ಕೆ ಹೋಗುವುದು ಕಷ್ಟವೇನಲ್ಲ. ಬೆಂಗಳೂರಿನಿಂದ ಸುಮಾರು ನಾನೂರು ಕಿಲೋಮೀಟರು. ರಾತ್ರಿ ತಾಳಗುಪ್ಪದ ರೈಲು ಹತ್ತಿ ಮಲಗಿದರೆ ಬೆಳಿಗ್ಗೆ ಮಲೆನಾಡಿನಲ್ಲಿ ಕಣ್ಣು ಬಿಡಬಹುದು. ತಾಳಗುಪ್ಪದಿಂದ ಜೋಗ ಕೂಗಳತೆಯಲ್ಲಿದೆ ಎನ್ನುವಷ್ಟು ಹತ್ತಿರ, ಆಟೋದವರೇ ಕರೆದು ಕೂರಿಸಿಕೊಳ್ಳುತ್ತಾರೆ. ಇದನ್ನು ಯಾರೋ ಗ್ರೂಪಿನಲ್ಲಿ ಹೇಳಿದರು. ಪ್ಲಾನಪ್ಪನವರು ಸ್ವಲ್ಪ ಹೊತ್ತು ಉತ್ತರಿಸಲಿಲ್ಲ. ಆಮೇಲೆ ಮನೆಗೇ ಬಂದು, ಕಾಫಿ ಕುಡಿದು, ಮನಸ್ಸು ಬಿಚ್ಚಿದರು: “ರೈಲಲ್ಲಿ ಹೋದ್ರೆ ಪ್ಲಾನ್ ಮಾಡೋಕೆ ಏನಿರತ್ತೆ ಸಾರ್? ಎಲ್ಲಾ ರೈಲ್ವೆಯವರೇ ಮಾಡಿಬಿಟ್ಟಿದಾರೆ.”

ಹಾಗಾಗಿ ಟಿಟಿ. ಟೆಂಪೊ ಟ್ರಾವೆಲರ್ ಎಂದು ಪೂರ್ತಿ ಹೇಳುವವರು ಟ್ರಿಪ್ಪಿಗೆ ಹೊಸಬರು ಎಂದರ್ಥ.

ಒಂದು ಹಾಡಿನಿಂದಾಗಿ ಜೋಗವನ್ನು ಕಾಣದ ಕನ್ನಡಿಗನಿಗೂ ಜೋಗ ಗೊತ್ತು. 1992ರ ‘ಜೀವನ ಚೈತ್ರ’ದಲ್ಲಿ ರಾಜ್‌ಕುಮಾರ್ ಅದನ್ನು ಹಾಡಿದ ಮೇಲಂತೂ ಜೋಗ ನೋಡದವನು ಮನುಷ್ಯನೇ ಅಲ್ಲ ಎಂಬ ಭಾವನೆ ನಾಡಿನಲ್ಲಿ ಬೇರೂರಿದೆ. ಆದರೆ ಆ ಹಾಡು ಕೊಡುವ ಗಡುವು ಬಹಳ ಉದಾರವಾದದ್ದು: ಉಸಿರಿರುವವರೆಗೆ ಯಾವಾಗ ಬೇಕಾದರೂ ನೋಡಬಹುದು. ಪ್ಲಾನಪ್ಪನವರಿಗೆ ಅಂಥ ಸಡಿಲ ಗಡುವು ಆಗಿಬರದು. ಅವರ ಎಕ್ಸೆಲ್ ಶೀಟಿನಲ್ಲಿ ಜೋಗ ಇರುವುದು ಭಾನುವಾರ ಬೆಳಿಗ್ಗೆ 9:15ರಿಂದ 10:00ರವರೆಗೆ. ಈ ನಲವತ್ತೈದು ನಿಮಿಷದೊಳಗೂ ಉಪವಿಭಾಗಗಳಿವೆ. ಜೋಗದ ನಾಲ್ಕು ಧಾರೆಗಳಲ್ಲಿ ರಾಜ 10 ನಿಮಿಷ, ರೋರರ್ 5, ರಾಕೆಟ್ 5, ರಾಣಿ 5, ಆಮೇಲೆ ಗ್ರೂಪ್ ಫೋಟೊ 10, ಜೋಳ ಮತ್ತು ಇತರೆ 10. ರಾಜನಿಗೆ ಯಾಕೆ ಹೆಚ್ಚು ಎಂದರೆ, “ಅದು ಎಲ್ಲೂ ತಡೆಯಿಲ್ಲದೆ ಒಂದೇ ಏಟಿಗೆ 253 ಮೀಟರ್ ಬೀಳತ್ತೆ ಸಾರ್, ಮೇಲಿಂದ ಕೆಳಗೆ ನೋಡೋಕೆ ಟೈಮ್ ಬೇಕು.” ರೋರರ್ ನಡುದಾರಿಯಲ್ಲಿ ರಾಜನ ಕಡೆಗೇ ನುಗ್ಗಿ ಸೇರಿಕೊಳ್ಳುವುದರಿಂದ ಅಲ್ಲಿ ಎರಡು ನಿಮಿಷ ಉಳಿಯಬಹುದೆಂದು ಷರಾ ಕೂಡ ಬರೆದಿದ್ದರು.

ಆ ಶೀಟನ್ನು ಹತ್ತಿರದಿಂದ ನೋಡುವ ಭಾಗ್ಯ ನನಗೆ ಸಿಕ್ಕಿತ್ತು. ಹಸಿರು ಬಣ್ಣದ ಸಾಲು ಎಂದರೆ ಊಟ ತಿಂಡಿ, ಹಳದಿ ಎಂದರೆ ದೇವಸ್ಥಾನ, ನೀಲಿ ಎಂದರೆ ನೀರು, ಕೆಂಪು ಎಂದರೆ ಅವರ ಭಾಮೈದ ತಡಮಾಡಬಹುದಾದ ಜಾಗಗಳು. 4:30ಕ್ಕೆ ಹೊರಡುವುದು. ನೆಲಮಂಗಲದ ಟೋಲು ದಾಟುವುದು. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ, ತಲಾ ಎರಡು. ಮೂರನೆಯದು ಬೇಕಾದವರು ಹಿಂದಿನ ದಿನವೇ ತಿಳಿಸಬೇಕು. ತಿಪಟೂರಿನಲ್ಲಿ ಏನೂ ಇಲ್ಲ. ಅರಸೀಕೆರೆಯಲ್ಲಿ ‘ಬಯೋ ಬ್ರೇಕ್’, 12 ನಿಮಿಷ.

“ಅದೇನೋ ಅದು ಬಯೋ?” ಎಂದು ಅವರ ತಾಯಿ ಕೇಳಿದರು. ವಿವರಿಸಿದ ಮೇಲೆ ಆಕೆ ಕನ್ನಡಕ ತೆಗೆದು ಮಗನನ್ನು ದಿಟ್ಟಿಸಿದರು. “ಅದು ಅರಸೀಕೆರೆಗೇ ಬರತ್ತೆ ಅಂತ ನಿಂಗ್ಯಾರೋ ಹೇಳಿದ್ದು?”

ಅಲ್ಲಿಂದ ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ. ಸಾಗರದ ಮಗ್ಗುಲಲ್ಲೇ ಇಕ್ಕೇರಿ, ಅಘೋರೇಶ್ವರ ದೇವಸ್ಥಾನ. ಕೆಳದಿಯ ನಾಯಕರು ನಿಧಾನವಾಗಿ ಕಲ್ಲು ಕೆತ್ತಿಸಿದ ಜಾಗ. ನಮಗೆ ಅಲ್ಲಿ 25 ನಿಮಿಷ.

ಶೀಟಿನ ಎರಡನೆಯ ಪುಟದಲ್ಲಿ ‘ಉಂಬಳ’ ಎಂಬ ಪ್ರತ್ಯೇಕ ಅಧ್ಯಾಯವಿತ್ತು. ಉಪ್ಪಿನ ಪೊಟ್ಟಣ ಯಾರ ಬಳಿ, ಹೊಗೆಸೊಪ್ಪಿನ ಪುಡಿ ಯಾರ ಬಳಿ, ಕಚ್ಚಿದರೆ ಮೊದಲು ಕೂಗಬೇಕಾದ್ದು ಯಾರನ್ನು, ಎಲ್ಲವೂ. ಜಲಪಾತದ ಬುಡಕ್ಕೆ ಇಳಿಯುವ ಸುಮಾರು 1400 ಮೆಟ್ಟಿಲುಗಳಿಗೂ ಲೆಕ್ಕವಿತ್ತು: ಇಳಿಯಲು ಮೆಟ್ಟಿಲಿಗೆ ಎರಡು ಸೆಕೆಂಡು, ಹತ್ತಲು ನಾಲ್ಕು, ಅತ್ತೆಯವರಿಗೆ ಆರು. ಮಳೆ ಜೋರಾದರೆ ಆ ದಾರಿಯನ್ನು ಮುಚ್ಚುತ್ತಾರೆ ಎಂದು ಹೋಮ್‌ಸ್ಟೇಯವರು ತಿಳಿಸಿದಾಗ ಗ್ರೂಪಿನಲ್ಲಿ ಅತಿ ಹೆಚ್ಚು ಸಮಾಧಾನಪಟ್ಟವರು ಆ ಅತ್ತೆಯವರೇ.

ಪ್ಲಾನಪ್ಪನವರ ನಿಜವಾದ ಶತ್ರು ಭಾಮೈದನಲ್ಲ, ಟ್ರಾಫಿಕ್ಕೂ ಅಲ್ಲ. ಅದು ಜೋಗದ ಸ್ವಭಾವ. ಮಳೆಗಾಲದಲ್ಲಿ ಹೋದರೆ ನೀರಿದೆ, ಆದರೆ ಮಂಜು ಕವಿದು ಏನೂ ಕಾಣುವುದಿಲ್ಲ. ಬೇಸಿಗೆಯಲ್ಲಿ ಹೋದರೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ, ನೀರೊಂದು ಬಿಟ್ಟು. ಜಲಪಾತಕ್ಕಿಂತ ಆರು ಕಿಲೋಮೀಟರು ಮೇಲೆಯೇ ಲಿಂಗನಮಕ್ಕಿ ಅಣೆಕಟ್ಟು ಇದೆ. 1964ರಿಂದ ಶರಾವತಿ ಅಲ್ಲಿ ನಿಂತು, ಲೆಕ್ಕ ಕೊಟ್ಟು, ಕರೆಂಟಾಗಿ ಹೋಗುತ್ತಾಳೆ. ಅದಕ್ಕೂ ಮೊದಲೇ, 1948ರಲ್ಲಿ, ಜೋಗದಲ್ಲಿ ವಿದ್ಯುದಾಗಾರ ಶುರುವಾಗಿತ್ತು. ಕೃಷ್ಣರಾಜೇಂದ್ರರ ಹೆಸರಿನದು, ಆಮೇಲೆ ಮಹಾತ್ಮ ಗಾಂಧಿಯವರ ಹೆಸರಿಗೆ ಬದಲಾಯಿತು. ನಮ್ಮ ಮನೆಯ ಮಿಕ್ಸಿಯಲ್ಲಿ ಚಟ್ನಿ ರುಬ್ಬುವಾಗ ಆಗುವ ಸದ್ದಿನಲ್ಲಿ ರೋರರ್‌ನ ಪಾಲೂ ಇದ್ದೀತು. ಅಂತೂ ಈಗ ಜೋಗ ತುಂಬಿ ಬೀಳಬೇಕಾದರೆ ಅಣೆಕಟ್ಟಿನ ಮಟ್ಟ 1819 ಅಡಿಗೆ ಹತ್ತಿರವಾಗಿ ಇಂಜಿನಿಯರುಗಳು ಗೇಟು ಎತ್ತಬೇಕು.

ಬೇರೆಯವರಿಗೆ ಇದು ಬೇಸರದ ಸಂಗತಿ. ಪ್ರಕೃತಿಪ್ರಿಯರು ನಿಟ್ಟುಸಿರು ಬಿಡುತ್ತಾರೆ, ಅದು ನ್ಯಾಯವೂ ಹೌದು. ಪ್ಲಾನಪ್ಪನವರಿಗೆ ಮಾತ್ರ ಲಿಂಗನಮಕ್ಕಿಯೆಂದರೆ ಎಲ್ಲಿಲ್ಲದ ಗೌರವ. ಗೇಟು ಇರುವ, ಮಟ್ಟ ಅಳೆಯುವ, ಒಳಹರಿವು ಹೊರಹರಿವು ಎಂದು ದಿನಾ ಲೆಕ್ಕ ಕೊಡುವ ನದಿ! ಅವರಿಗೆ ಸಮಾನಮನಸ್ಕರು ಸಿಕ್ಕಂತಾಯಿತು. ಜುಲೈ ಪೂರ್ತಿ ಪೇಪರು ಬಂದ ಕೂಡಲೇ ಅವರು ತೆರೆಯುತ್ತಿದ್ದುದು ಜಲಾಶಯಗಳ ಮಟ್ಟದ ಚೌಕವನ್ನು. ಮನೆಯಲ್ಲಿ ಕುಡಿಯುವ ನೀರಿನ ಕ್ಯಾನು ಖಾಲಿಯಾಗಿರುವುದು ಅವರಿಗೆ ಗೊತ್ತಿರಲಿಲ್ಲ, ಲಿಂಗನಮಕ್ಕಿ ನಿನ್ನೆಗಿಂತ ಎಷ್ಟು ಏರಿದೆ ಎಂಬುದು ಗೊತ್ತಿತ್ತು. “ರೀ, ಆ ಡ್ಯಾಮ್ ಬಿಟ್ಟು ನಮ್ಮ ಸಂಪು ನೋಡಿ” ಎಂದು ಹೆಂಡತಿ ಕೂಗುವುದು ನಮ್ಮ ಮನೆಗೂ ಕೇಳಿಸುತ್ತಿತ್ತು.

ತಾಳಗುಪ್ಪದ ಕಡೆಯ ಹೋಮ್‌ಸ್ಟೇ ಮಾಲೀಕರಿಗೆ ವಾರದಲ್ಲಿ ನಾಲ್ಕು ಸಲ ಫೋನು ಹೋಗುತ್ತಿತ್ತು. ಆ ಮನುಷ್ಯ ಅಡಿಕೆ ತೋಟದಲ್ಲಿ ನಿಂತು, ಮಳೆಯ ಸದ್ದಿನ ನಡುವೆ, ಅಪಾರ ತಾಳ್ಮೆಯಿಂದ ಮಾತಾಡುತ್ತಿದ್ದರು.

“ಭಾನುವಾರ ಒಂಬತ್ತೂ ಕಾಲಿಗೆ ಮಂಜು ಇರತ್ತಾ ಸಾರ್?”

“ಅದನ್ನ ಈಗ್ಲೇ ಹೇಳೋದು ಹ್ಯಾಂಗೆ ಮಾರಾಯ್ರೇ. ಬಂದು ನಿಂತ್ಕಳಿ. ತೆರೆದ್ರೆ ತೆರೀತು.”

“ಅಂದಾಜು?”

“ಅಂದಾಜು ಅಂದ್ರೆ... ಕಾಣೂದಾದ್ರೆ ಕಾಣ್ತದೆ.”

ಪ್ಲಾನಪ್ಪನವರು ಶೀಟಿನಲ್ಲಿ ಬರೆದುಕೊಂಡರು: ‘ಮಂಜು: ಸ್ಥಳೀಯರ ಪ್ರಕಾರ ಶೇ. 50.’

ಅವರ ಬದುಕಿನ ಇನ್ನೊಂದು ದುಃಖ ಸಿಗಂದೂರಿನ ಸೇತುವೆ. ಶರಾವತಿಯ ಹಿನ್ನೀರನ್ನು ಲಾಂಚಿನಲ್ಲಿ ದಾಟಿ ಚೌಡೇಶ್ವರಿಯ ದರ್ಶನಕ್ಕೆ ಹೋಗಬೇಕಿದ್ದ ಕಾಲದಲ್ಲಿ ‘ಲಾಂಚ್ ಕ್ಯೂ’ ಎಂಬ ಒಂದು ದೊಡ್ಡ ಕೆಂಪು ಸಾಲು ಅವರ ಹಳೆಯ ಶೀಟಿನಲ್ಲಿತ್ತು. ಎಷ್ಟು ಹೊತ್ತಾದೀತೆಂದು ಹೇಳಲಾಗದ, ಹಾಗಾಗಿಯೇ ಯಾವ ತಡವನ್ನು ಬೇಕಾದರೂ ಅದರ ತಲೆಗೆ ಕಟ್ಟಬಹುದಾದ ಸಾಲು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ದ್ವೀಪದಂತೆ ಬದುಕಿದ್ದ ಹಿನ್ನೀರಿನ ಊರುಗಳ ಜನರ ಎಷ್ಟೋ ದಶಕಗಳ ಬೇಡಿಕೆ ಈಡೇರಿತು. ಇಡೀ ಕರೂರು ಸೀಮೆ ಸಂಭ್ರಮಿಸುತ್ತಿದ್ದಾಗ ಬೆಂಗಳೂರಿನಲ್ಲಿ ಒಬ್ಬರು ಮಂಕಾಗಿ ಕೂತಿದ್ದರು. ಉಳಿದ ಸಮಯವನ್ನು ಖಾಲಿ ಬಿಡುವುದುಂಟೇ? ವರದಹಳ್ಳಿ ಸೇರಿಸಿದರು. ಇನ್ನೂ ಉಳಿಯಿತು, ಹೊನ್ನೆಮರಡು ಸೇರಿಸಿದರು. ಯಾಣವನ್ನೂ ಸೇರಿಸುವವರಿದ್ದರು, ಡ್ರೈವರ್ ಒಪ್ಪಲಿಲ್ಲ.

ಶನಿವಾರದ ಕಥೆ ಚಿಕ್ಕದು. ನಾಲ್ಕೂವರೆ ಎಂದದ್ದು ಆರು ದಾಟಿತು. ಭಾಮೈದ ಶೇವಿಂಗ್ ಸೆಟ್ ಮರೆತು ವಾಪಸು ಹೋದ. ಅರಸೀಕೆರೆಯಲ್ಲಿ ಯಾರಿಗೂ ಅವಸರವಾಗಲಿಲ್ಲ. ಎಲ್ಲರಿಗೂ ಆದದ್ದು ಅಲ್ಲಿಂದ ಹೊರಟು ಹತ್ತು ನಿಮಿಷಕ್ಕೆ. ಇಕ್ಕೇರಿಯನ್ನು ಕತ್ತಲಾಗುವ ಹೊತ್ತಿಗೆ, ಹೊಸಿಲು ಮುಟ್ಟಿ ಬಂದೆವು ಎಂಬಂತೆ ಮುಗಿಸಿದೆವು. ರಾತ್ರಿ ಹೋಮ್‌ಸ್ಟೇಯಲ್ಲಿ ಬಿಸಿ ಅನ್ನ, ಅಪ್ಪೆಹುಳಿ, ಬಾಳೆಲೆಯ ತುದಿಗೊಂದು ತೊಡೆದೇವು. ತೊಡೆದೇವು ಕಾಗದದಷ್ಟು ತೆಳ್ಳಗಿನ ತಿಂಡಿ, ಅವಸರದಲ್ಲಿ ಹಿಡಿದರೆ ಪುಡಿಯಾಗುತ್ತದೆ. ಹಾಲು ತುಪ್ಪ ಹಾಕಿಕೊಂಡು ನಿಧಾನವಾಗಿ ತಿನ್ನಬೇಕು. ಶೀಟಿನಲ್ಲಿ ಊಟಕ್ಕೆ ಅರ್ಧ ಗಂಟೆಯಿತ್ತು. ಊಟ ಮುಗಿದಾಗ ಎಷ್ಟಾಗಿತ್ತೆಂದು ನೋಡಲು ಯಾರಿಗೂ ಕೈ ತೊಳೆಯುವ ಮನಸ್ಸೂ ಇರಲಿಲ್ಲ.

ಭಾನುವಾರ ಮಾತ್ರ ಅಚ್ಚುಕಟ್ಟು. 9:15ಕ್ಕೆ ಸರಿಯಾಗಿ, ಒಂದು ನಿಮಿಷ ಆಚೀಚೆ ಇಲ್ಲದೆ, ನಾವು ಜೋಗದ ಎದುರು ಕಂಬಿ ಹಿಡಿದು ನಿಂತಿದ್ದೆವು. ಎದುರಿಗೆ ಬಿಳಿ. ಮೇಲೆ ಬಿಳಿ, ಕೆಳಗೆ ಬಿಳಿ, ಕಂಬಿಯಿಂದ ಮೊಳ ದೂರದಲ್ಲಿ ಬಿಳಿ. ಆ ಬಿಳಿಯ ಒಳಗಿನಿಂದ ಎದೆಗೂಡು ಅದುರುವಂಥ ಸದ್ದು ಬರುತ್ತಿತ್ತು, ಮುಖಕ್ಕೆ ತುಂತುರು ಬಡಿಯುತ್ತಿತ್ತು. ಜಲಪಾತ ಅಲ್ಲೇ ಇದೆ ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿತ್ತು. ಕಾಣುವುದೊಂದು ಬಾಕಿ.

ಪ್ಲಾನಪ್ಪನವರು ಎದೆಗುಂದಲಿಲ್ಲ. ಕೈಚಾಚಿ, ಮಂಜಿಗೇ ಪಾಠ ಶುರುಮಾಡಿದರು. “ಎಡಗಡೆ ಇರೋದು ರಾಜ. ಅದರ ಪಕ್ಕ ರೋರರ್. ಅದಾದ ಮೇಲೆ ರಾಕೆಟ್, ಚಿಮ್ಮಿ ಚಿಮ್ಮಿ ಬೀಳತ್ತೆ. ಬಲತುದಿ ರಾಣಿ, ಬಳುಕ್ತಾ ಇಳೀತಾಳೆ.” ಪಕ್ಕದಲ್ಲಿದ್ದ ಹಾವೇರಿ ಕಡೆಯ ಒಂದು ಕುಟುಂಬವೂ ಅವರು ತೋರಿಸಿದ ಕಡೆಗೆಲ್ಲ ಶ್ರದ್ಧೆಯಿಂದ ತಿರುಗಿ ನೋಡಿತು. ಗ್ರೂಪ್ ಫೋಟೊ ತೆಗೆದದ್ದಾಯಿತು. ಅದರಲ್ಲಿ ನಾವೆಲ್ಲ ಒಂದು ಸುಣ್ಣದ ಗೋಡೆಯ ಮುಂದೆ ಒದ್ದೆಯಾಗಿ ನಿಂತಿದ್ದೇವೆ.

ಹತ್ತು ಗಂಟೆಗೆ ಅವರು ಚಪ್ಪಾಳೆ ತಟ್ಟಿದರು. “ನಡೀರಿ, ನಡೀರಿ, ಸಿಗಂದೂರಲ್ಲಿ ದರ್ಶನದ ಕ್ಯೂ ಬೆಳೆಯತ್ತೆ.”

ಯಾರೂ ಕದಲಲಿಲ್ಲ. ಅವರ ತಾಯಿಯಂತೂ ಒಂದು ಕಲ್ಲುಬೆಂಚಿನ ಮೇಲೆ ಪ್ಲಾಸ್ಟಿಕ್ ಕವರು ಹಾಸಿ, ಅದರ ಮೇಲೆ ಕೂತು, ಛತ್ರಿ ಬಿಡಿಸಿ, ಉಪ್ಪುಕಾರ ಹಚ್ಚಿದ ಅನಾನಸಿನ ಹೋಳನ್ನು ಆಗಷ್ಟೇ ಬಾಯಿಗಿಟ್ಟಿದ್ದರು.

“ಅಮ್ಮಾ, ಟೈಮಾಯ್ತು.”

“ಆಗ್ಲಿ ಬಿಡೋ.”

“ಹತ್ತು ಗಂಟೆಗೆ ಮುಗೀತು ಇಲ್ಲಿ.”

“ನಿಂದು ಮುಗೀತು. ನಾನಿನ್ನೂ ನೋಡಿಲ್ಲ. ಅಷ್ಟು ದೂರದಿಂದ ಬಂದಿದೀನಿ, ಅವನೂ ಸ್ವಲ್ಪ ಹೊತ್ತು ಮುಖ ತೊಳ್ಕೊಂಡು ಬರ್ಲಿ, ಕಾಯ್ತೀನಿ.” ಯಾರು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ರಾಜನನ್ನೇ ಹೇಳಿರಬೇಕು.

ತಾಯಿಯ ಮೇಲೆ ಸಿಟ್ಟು ಮಾಡಿಕೊಳ್ಳುವಂತಿಲ್ಲ. ಪ್ಲಾನಪ್ಪನವರು ಧಡಧಡ ಪಾರ್ಕಿಂಗಿಗೆ ನಡೆದರು. ಗಾಡಿಯನ್ನಾದರೂ ತಿರುಗಿಸಿ ನಿಲ್ಲಿಸಿದರೆ ನಾಲ್ಕು ನಿಮಿಷ ಉಳಿಯುತ್ತದಲ್ಲ. ಅವರು ಅಲ್ಲಿ “ಬಾ, ಬಾ, ಲೆಫ್ಟು, ಇನ್ನೂ ಲೆಫ್ಟು” ಎಂದು ಡ್ರೈವರಿಗೆ ಕೈ ಆಡಿಸುತ್ತಿದ್ದಾಗ ಇಲ್ಲಿ ಗಾಳಿ ಒಂದು ಸಲ ಬೀಸಿತು. ಮಂಜು ಮೇಲಿನಿಂದ ಸೀಳಿಕೊಂಡು ಬಂತು. ಮೊದಲು ಬಂಡೆಯ ಅಂಚು, ಆಮೇಲೆ ಕೆಂಪು ನೀರಿನ ಕಂಬ, ಅದರ ಪಕ್ಕ ಇನ್ನೊಂದು, ನೋಡನೋಡುತ್ತ ನಾಲ್ಕಕ್ಕೆ ನಾಲ್ಕೂ. ಅಂದು ಗೇಟು ತೆರೆದಿದ್ದರಿಂದ ನಾಲ್ಕು ಎಂದು ಬಿಡಿಸಿ ಹೇಳುವುದೂ ಕಷ್ಟವಿತ್ತು, ಬೆಟ್ಟದ ಮೈಯೇ ಸುರಿಯುತ್ತಿತ್ತು. ಭಾಮೈದ ಫೋನು ತೆಗೆಯುವುದನ್ನೇ ಮರೆತ. ಹಾವೇರಿಯ ಅಜ್ಜ ಎರಡೂ ಕೈ ಎತ್ತಿ ಮುಗಿದರು. ಮಕ್ಕಳು ಕೇಕೆ ಹಾಕಿದವು.

ಆ ಕೇಕೆ ಕೇಳಿಯೇ ಪ್ಲಾನಪ್ಪನವರು ಓಡಿ ಬಂದದ್ದು. ಏದುಸಿರು ಬಿಡುತ್ತ ಕಂಬಿ ಹಿಡಿಯುವಷ್ಟರಲ್ಲಿ ಪರದೆ ಮತ್ತೆ ಮುಚ್ಚಿತ್ತು.

ನಾವೆಲ್ಲ ಅವರ ಮುಖ ನೋಡಲಾಗದೆ ಅತ್ತಿತ್ತ ನೋಡಿದೆವು. ಹೆಂಡತಿ ಸಮಾಧಾನ ಮಾಡಲು ಬಾಯಿ ತೆರೆದರು. ಆದರೆ ಅವರ ಮುಖದಲ್ಲಿ ದುಃಖದ ಸುಳಿವೇ ಇರಲಿಲ್ಲ. ಅವರು ಆಗಲೇ ಫೋನು ತೆಗೆದು ಶೀಟು ಬಿಚ್ಚಿದ್ದರು.

“ಎಷ್ಟು ಗಂಟೆಗೆ ತೆರೀತು? ಕರೆಕ್ಟಾಗಿ ಹೇಳಿ.”

“ಹತ್ತೂ ಏಳು ಇರಬಹುದು ಭಾವ.”

“ಎಷ್ಟು ಹೊತ್ತು?”

“ಮೂರು ನಿಮಿಷ...”

ಈ ವರ್ಷ ‘ಜೋಗ 3.0’ ಶುರುವಾಗಿದೆ. ಹೊಸ ಶೀಟು ನಿನ್ನೆ ರಾತ್ರಿ ಬಂತು. ಅದರಲ್ಲಿ ಭಾನುವಾರದ ನೀಲಿ ಭಾಗದಲ್ಲಿ ಒಂದು ಸಾಲು ಹೊಸದಾಗಿ ಸೇರಿದೆ: ‘10:07ರಿಂದ 10:10: ಮಂಜು ತೆರೆಯುವುದು. ಎಲ್ಲರೂ 10:05ಕ್ಕೇ ಕಂಬಿಯ ಬಳಿ ಸಿದ್ಧರಿರಬೇಕು. ಗಾಡಿ ತಿರುಗಿಸುವ ಜವಾಬ್ದಾರಿ: ಭಾಮೈದ.’