ಸಾಂತಾನ ಕೋಣಗಳು

ಮಕ್ಕಳ ವೇಷದಾಟದಲ್ಲಿ ಅರುವತ್ತು ದಾಟಿದವರಿಗೆ ಸಿಗುವುದು ನಾಲ್ಕು ಕಾಲಿನ ಪಾತ್ರಗಳೇ. ರಾಜ, ರಾಕ್ಷಸ, ಪೊಲೀಸ್ ಎಲ್ಲ ಏಳರೊಳಗಿನವರಿಗೆ ಮೀಸಲು. ನಾನು ಈವರೆಗೆ ದನವಾಗಿದ್ದೇನೆ, ಆನೆಯಾಗಿದ್ದೇನೆ, ಒಮ್ಮೆ ಸಿಂಹಾಸನವೂ ಆಗಿದ್ದೇನೆ; ಅದಕ್ಕೂ ಕಾಲು ನಾಲ್ಕೇ ತಾನೆ. ಹಾಗಾಗಿ ಕ್ರಿಸ್‌ಮಸ್ ರಜೆಗೆಂದು ಮಣಿಪಾಲದಿಂದ ಮಗಳ ಮಕ್ಕಳೂ ಕಾರ್ಕಳದಿಂದ ತಂಗಿಯ ಮೊಮ್ಮಗನೂ ಕಾಪುವಿನ ನಮ್ಮ ಮನೆಗೆ ಬಂದು, “ಅಜ್ಜ, ಸಾಂತಾ ಆಟ ಆಡುವ” ಎಂದಾಗ ಪಾತ್ರ ಯಾವುದೆಂದು ಕೇಳುವ ಮೊದಲೇ ಮೊಣಕಾಲೂರಿದೆ.

ಸಾಂತಾ ಯಾರು ಎಂಬುದರಲ್ಲಿ ಚರ್ಚೆಗೆ ಆಸ್ಪದವಿರಲಿಲ್ಲ. ಅಷ್ಟಮಿಗೆ ಮುದ್ದುಕೃಷ್ಣನಾಗಿ ವೇದಿಕೆ ಹತ್ತಿದ್ದ ಮೊಮ್ಮಗಳು ಈಗ ಹತ್ತಿಯ ಗಡ್ಡ ಅಂಟಿಸಿಕೊಂಡಿದ್ದಳು. ನವಿಲುಗರಿ ಮಾತ್ರ ತಲೆಯಲ್ಲಿ ಹಾಗೆಯೇ ಇತ್ತು. ಉಡುಪಿಯ ಕಡೆ ಮಕ್ಕಳು ನಡೆಯಲು ಕಲಿಯುವ ಮೊದಲೇ ಕೈಗೆ ಕೊಳಲು ಬಂದಿರುತ್ತದೆ. ಅಂಥವರಿಗೆ ಇನ್ನೊಂದು ವೇಷ ಹೆಚ್ಚಲ್ಲ. ಸಾಂತಾನ ಊರು ಯಾವುದೆಂಬಲ್ಲಿ ಜಗಳ ಹತ್ತಿತು. ಮೊಮ್ಮಗಳ ಪ್ರಕಾರ ಅವನಿರುವುದು ಕಾಪುವಿನ ದೀಪಸ್ತಂಭದಲ್ಲಿ. 1901ರಿಂದ ಬಂಡೆಯ ಮೇಲೆ ಒಂಟಿಯಾಗಿ ನಿಂತಿರುವ ಕಟ್ಟಡ, ರಾತ್ರಿಯೆಲ್ಲ ದೀಪ, ಮುದುಕನೊಬ್ಬ ಅಡಗಿರಲು ಇನ್ನೇನು ಬೇಕು? ಕಾರ್ಕಳದವನು ಒಪ್ಪಲಿಲ್ಲ. “ಅತ್ತೂರಿನ ಸಾಂತ್‌ಮಾರಿ ಆಗುವುದು ನಮ್ಮಲ್ಲಿ. ಹಾಗಾದರೆ ಸಾಂತಾ ಯಾರವನು?” ಜನವರಿಯ ಜಾತ್ರೆಯನ್ನು ಸಾಕ್ಷಿಗೆ ಕರೆದ ಈ ವಾದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ನನ್ನನ್ನು ರೇನ್‌ಡಿಯರ್ ಎಂದು ಘೋಷಿಸಿ, ಸೊಂಟಕ್ಕೆ ಬೈರಾಸು ಕಟ್ಟಿ, ಅದರ ತುದಿಗೆ ಅಡಿಕೆ ಹಾಳೆ ಬಿಗಿದರು. ಹಿಮದ ಮೇಲೆ ಜಾರುವ ಗಾಡಿಗೆ ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಬದಲಿ ಇಲ್ಲ. ಆದರೆ ಕಾರ್ಕಳದವನು ಮಿಯಾರಿನ ಲವ-ಕುಶ ಜೋಡುಕರೆ ಕಂಬಳವನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದವನು. ಒಂಟಿ ಪ್ರಾಣಿ ಎಳೆಯುವುದೆಂದರೆ ಅವನಿಗೆ ಅವಮಾನ. “ಜೋಡಿ ಬೇಕು” ಎಂದ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಭಾವ “ನನಗೆ ಶುಗರ್ ಉಂಟು ಮಾರಾಯ” ಎಂದು ಎಷ್ಟು ಹೇಳಿದರೂ ಕೇಳದೆ ನನ್ನ ಪಕ್ಕಕ್ಕೆ ಕಟ್ಟಿದರು. ರೇನ್‌ಡಿಯರ್ ಆಗ ಮುಗಿಯಿತು, ನಾವು ಕೋಣಗಳಾದೆವು.

ಕೋಣವಾದರೆ ಸಾಲದು, ಯಾವ ವಿಭಾಗದ ಕೋಣ? ಹಗ್ಗವೋ, ನೇಗಿಲೋ, ಅಡ್ಡಹಲಗೆಯೋ? ಸಾಂತಾ ಹಾಳೆಯ ಮೇಲೆ ನಿಲ್ಲುವುದರಿಂದ ಕನೆಹಲಗೆ ಎಂದು ತೀರ್ಪಾಯಿತು. ಕನೆಹಲಗೆಯಲ್ಲಿ ಓಟದ ವೇಗ ನೋಡುವುದಿಲ್ಲ, ಚಿಮ್ಮಿದ ನೀರು 6.5 ಅಥವಾ 7.5 ಕೋಲು ಎತ್ತರದ ನಿಶಾನೆಗೆ ತಾಗಬೇಕು. ನಮ್ಮ ನಿಶಾನೆ ಬಟ್ಟೆ ಒಣಗಿಸುವ ಹಗ್ಗದಲ್ಲಿದ್ದ ನನ್ನ ಲುಂಗಿ. ಒಣ ಅಂಗಳದಲ್ಲಿ ನೀರು ಎಲ್ಲಿಂದ ಚಿಮ್ಮಬೇಕು? ಮೂರು ವರ್ಷದ ಸಣ್ಣವನು ಬಚ್ಚಲಿನಿಂದ ಚೆಂಬು ತಂದು ಆ ಕೊರತೆ ನೀಗಿಸಿದ. ಲುಂಗಿಗೆ ಹನಿಯೂ ತಾಗಲಿಲ್ಲ. ಕೋಣಗಳು ತೋಯ್ದು ತೊಪ್ಪೆಯಾದವು.

ಇಷ್ಟಾದರೂ ಸಾಂತಾ ಇನ್ನೂ ಪ್ರವೇಶಿಸಿಯೇ ಇಲ್ಲವಂತೆ. ಡಿಸೆಂಬರ್ ಎಂದರೆ ನಮ್ಮಲ್ಲಿ ಯಕ್ಷಗಾನ ಮೇಳಗಳ ತಿರುಗಾಟದ ಕಾಲ. ದೇವೀಮಹಾತ್ಮೆಯ ಮಹಿಷಾಸುರ ಪ್ರೇಕ್ಷಕರ ನಡುವಿನಿಂದ ದೊಂದಿ ಬೆಳಕಿನಲ್ಲಿ ಅಬ್ಬರಿಸಿ ಬರುವುದನ್ನು ಕಂಡ ಮಕ್ಕಳಿಗೆ, ಮೆತ್ತಗೆ ನಡೆದು ಬಂದು ಚಾಕಲೇಟು ಕೊಡುವ ಸಾಂತಾ ಬಹಳ ಸಪ್ಪೆ. ಹಟ್ಟಿಯ ಹಿಂದಿನಿಂದ ಟಾರ್ಚು ಬಿಟ್ಟುಕೊಂಡು, ಬಟ್ಟಲ ಚೆಂಡೆಗೆ ಹೆಜ್ಜೆ ಹಾಕುತ್ತ, ‘ಹೋ ಹೋ’ ಎಂದು ಆರ್ಭಟಿಸುತ್ತ ಮೊಮ್ಮಗಳು ಬಂದದ್ದು ನೋಡಿ ಆಚೆಮನೆಯ ನಾಯಿ ಊರು ಬಿಟ್ಟಿತು. ನನಗೆ ನಗು ತಡೆಯಲಾಗಲಿಲ್ಲ. “ಕೋಣ ನಗುವುದುಂಟಾ?” ಎಂದು ಸಾಂತಾ ಗದರಿದಳು.

ಸೋವಿಯತ್ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ, ನಿಯಮವಿಲ್ಲದ ವೇಷದಾಟವೇ ಇಲ್ಲ ಎಂದಿದ್ದ. ಅಕ್ಕತಂಗಿಯರಿಬ್ಬರು ‘ಅಕ್ಕತಂಗಿ ಆಟ’ ಆಡಿದ ಪ್ರಸಂಗ ಅವನ ಉದಾಹರಣೆ. ದೊಡ್ಡ ಮಾತು ಎಂದುಕೊಂಡಿದ್ದೆ. ಮರುದಿನ ನನ್ನ ಮೇಲೆಯೇ ಪ್ರಯೋಗವಾಯಿತು. “ಅಜ್ಜ, ಇವತ್ತು ನೀವು ಅಜ್ಜ ಆಗಿ” ಎಂದರು. ಅಂತೂ ಎರಡು ಕಾಲಿನ ಪಾತ್ರ ಸಿಕ್ಕಿತೆಂದು ಉಬ್ಬಿ ಕುರ್ಚಿಯಲ್ಲಿ ಕೂತೆ. ಒಂದು ನಿಮಿಷವೂ ಆಗಿರಲಿಲ್ಲ. “ಅಜ್ಜ ಹಾಗೆ ಕೂರುವುದಲ್ಲ. ಕನ್ನಡಕ ಹುಡುಕಬೇಕು, ಆಮೇಲೆ ಅಜ್ಜಿಗೆ ಬೈಯಬೇಕು.” ಕಾರ್ಕಳದವನು ಮಾಡಿ ತೋರಿಸಿದ. ಅಡುಗೆಮನೆಯಿಂದ ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳು. ನನ್ನ ಪಾತ್ರ ಅವನಿಗೆ ಹೋಯಿತು.

ದೊಡ್ಡವರೂ ಕಡಿಮೆಯೇನಲ್ಲ ಎನ್ನಿ. ಪಕ್ಕದ ಮನೆಯ ಬಾಯಮ್ಮ ತಿಂಗಳ ಮೊದಲೇ ಚಿಪ್ಪಿನಲ್ಲಿ ಭತ್ತ ಬಿತ್ತಿ ಗೋದಲಿಗೆ ಹುಲ್ಲುಗಾವಲು ಬೆಳೆಸುತ್ತಾರೆ. 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಎಂಬಲ್ಲಿ ಹುಲ್ಲಿನ ಗೋದಲಿಯ ಪಕ್ಕ ನಿಜವಾದ ಎತ್ತು ಮತ್ತು ಕತ್ತೆಯನ್ನೇ ನಿಲ್ಲಿಸಿ ಬೆತ್ಲೆಹೇಮ್ ಆಟ ಹೂಡಿದ್ದ. ಅಲ್ಲಿ ಅಜ್ಜಂದಿರು ಬದುಕಿಕೊಂಡರು.

ಹಬ್ಬದ ಮರುದಿನ ಬಾಯಮ್ಮನ ಮನೆಯಿಂದ ತಾಟು ತುಂಬ ಕುಸ್ವಾರ್ ಬಂತು: ನೆವ್ರಿ, ಕಿಡಿಯೊ, ಗುಳಿಯೊ. ಒಂದೇ ದಿನ ಖಾಲಿ ಮಾಡಬಾರದೆಂದು, ಬ್ಯಾಂಕಿನಿಂದ ನಿವೃತ್ತನಾದ ನಾನು ಪಿಗ್ಮಿಯ ಕಥೆ ಹೇಳಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರುಮಾಡಿ, ಮನೆಮನೆಗೆ ಏಜೆಂಟರನ್ನು ಕಳಿಸಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕೂಡಿಸಿತು. ಮೊಮ್ಮಗಳಿಗೆ ತಕ್ಷಣ ಅರ್ಥವಾಯಿತು. ಸಾಂತಾನಿಗೂ ಚೀಲವಿದೆ, ಅವನೂ ಮನೆಮನೆ ಸುತ್ತುತ್ತಾನೆ. ಆದರೆ ಕೊಡುವುದಿಲ್ಲ, ತೆಗೆದುಕೊಳ್ಳುತ್ತಾನೆ! ದಿನವೂ ಸಂಜೆ ತಲೆಗೊಂದು ತಿಂಡಿ ವಸೂಲಿ, ಹಳೆಯ ಡೈರಿಯ ಹಾಳೆಯಲ್ಲಿ ರಶೀದಿ. ಬ್ಯಾಂಕಿನಲ್ಲಿ ನಾನೂ ಇಷ್ಟು ಶಿಸ್ತು ಕಂಡಿರಲಿಲ್ಲ.

ಡಿಸೆಂಬರ್ 31ರ ಸಂಜೆ ಠೇವಣಿ ವಾಪಸು ಕೊಡುವ ಹೊತ್ತಿಗೆ ಚೀಲದಲ್ಲಿ ಒಂದು ಗುಳಿಯೊ ಮತ್ತು ಇರುವೆಗಳಿದ್ದವು. ಗಡ್ಡದ ಹತ್ತಿಯಲ್ಲಿ ನೆವ್ರಿಯ ಹೂರಣ. ಠೇವಣಿದಾರರಿಬ್ಬರು ರಶೀದಿ ಹಿಡಿದು ಅಳಲು ಶುರುಮಾಡಿದರು. ಸಾಂತಾ ದೇವರ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೊನೆಗೆ ನನ್ನ ಹೆಂಡತಿ ಒಂದು ನೆವ್ರಿಗೆ ಎರಡು ಗೋಳಿಬಜೆಯ ಲೆಕ್ಕದಲ್ಲಿ ಸಾಲ ತೀರಿಸಿದಳು. ಬಡ್ಡಿಗೆ ಚಟ್ನಿ.

ಎಲ್ಲ ಮುಗಿಯಿತೆಂದು ಬಾಣಲೆ ಇಳಿಸುವಾಗ ಭಾವ ಮೆಲ್ಲನೆ ಬಂದು ಜೇಬಿನಿಂದ ನಾಲ್ಕು ರಶೀದಿ ತೆಗೆದ.